ಮತ್ತೆ ಒದ್ದೆಯಾದ ಹಾಸಿಗೆ

ಆಟಿ ತಿಂಗಳ ಮಳೆ. ಬೆಳಗಿನ ಹೊತ್ತು ಶಿರ್ತಾಡಿ ಪೇಟೆಯಲ್ಲಿ ಕೊಡೆಗಳದೇ ಸಾಲು. ನಾರಾವಿ ಕಡೆಯಿಂದ ಮೂಡುಬಿದಿರೆಗೆ ಹೋಗುವ ಬಸ್ಸು ಕೆಸರು ನೀರು ಹಾರಿಸಿಕೊಂಡು ಬಂದು ನಿಲ್ಲುತ್ತದೆ, ಬೆನ್ನಿಗೆ ಚೀಲ ಹಾಕಿದ ಮಕ್ಕಳು ನುಗ್ಗುತ್ತಾರೆ. ರಸ್ತೆ ದಾಟಿದರೆ ಅಡಿಕೆ ತೋಟ, ಅದರಾಚೆ ರಬ್ಬರು, ನಡುವೆ ಅಲ್ಲೊಂದು ಇಲ್ಲೊಂದು ಹಂಚಿನ ಮನೆ. ಅಂಥದೊಂದು ಮನೆಯಲ್ಲಿ ಮೂರನೇ ಕ್ಲಾಸಿನ ಹುಡುಗಿಯೊಬ್ಬಳಿದ್ದಾಳೆ ಎಂದುಕೊಳ್ಳಿ. ಇವಳು ಇಂಥವರ ಮಗಳು ಎಂದು ಬೆರಳು ತೋರಿಸಲಾಗದು. ಮಕ್ಕಳ ಸಕ್ಕರೆ ಕಾಯಿಲೆ ಮೊದಲ ಸಲ ಕಾಣಿಸಿಕೊಳ್ಳುವ ಬಗೆಯನ್ನು ಈ ಊರಿನ ಮಳೆ, ಮನೆ, ದಾರಿಗಳ ನಡುವೆ ಇಟ್ಟು ನೋಡುವ ಚಿತ್ರ ಇದು.

ಮೊದಲು ಗೊತ್ತಾಗುವುದು ಬಚ್ಚಲಿನಲ್ಲಿ. ಹಂಡೆಯ ಒಲೆಯ ಪಕ್ಕ, ಹೊಗೆ ಹಿಡಿದ ಹಗ್ಗದ ಮೇಲೆ, ಹಾಸಿಗೆಯ ಬಟ್ಟೆ ಒಣಗುತ್ತಿದೆ. ನಿನ್ನೆಯೂ ಅಲ್ಲೇ ಇತ್ತು. ರಾತ್ರಿ ಹಾಸಿಗೆ ಒದ್ದೆ ಮಾಡುವುದು ಬಿಟ್ಟು ನಾಲ್ಕೈದು ವರ್ಷವಾದ ಮಗು ಮತ್ತೆ ಶುರು ಮಾಡಿದೆ. "ಮಳೆಗೆ ಹಾಗೆಯೇ, ಥಂಡಿ ಅಲ್ವಾ" ಎನ್ನುತ್ತಾರೆ ಅಜ್ಜಿ. ಮಾತು ಸುಳ್ಳೇನಲ್ಲ, ಚಳಿಗೆ ಮೂತ್ರ ಹೆಚ್ಚುವುದುಂಟು. ಆದರೆ ಥಂಡಿಗೆ ಬಾಯಾರಿಕೆ ಆಗುವುದಿಲ್ಲ. ಈ ಹುಡುಗಿ ಶಾಲೆಗೆ ಒಯ್ದ ಬಾಟಲಿ ಎರಡನೇ ಪೀರಿಯಡ್ಡಿಗೇ ಖಾಲಿ. ಅರ್ಧರಾತ್ರಿ ಎದ್ದು ಕೊಡಪಾನದ ನೀರು ಕುಡಿಯುತ್ತಾಳೆ.

"ಟೀಚರ್, ಒಂದಕ್ಕೆ ಹೋಗಿ ಬರ್ಲಾ?"

"ಎಂತ ಮಗಾ, ಈಗ ತಾನೆ ಹೋಗಿ ಬಂದದ್ದಲ್ವಾ?"

ಹೊಟ್ಟೆತುಂಬ ಉಣ್ಣುತ್ತಾಳೆ, ಆದರೂ ಸಪೂರ ಆಗುತ್ತಾಳೆ. ಯೂನಿಫಾರ್ಮಿನ ಸ್ಕರ್ಟಿಗೆ ಪಿನ್ ಹಾಕಬೇಕಾಗುತ್ತದೆ. ನೆಂಟರು ಕಣ್ಣು ತಾಗಿದೆ ಎನ್ನುತ್ತಾರೆ. ಸುಸ್ತು ಎಂದು ಮಲಗಿದರೆ ಮನೆಯವರು ಶಕ್ತಿ ಬರಲಿ ಎಂದು ಬೊಂಡ ಕೆತ್ತಿ ಕೊಡುತ್ತಾರೆ, ಗ್ಲೂಕೋಸ್ ಪುಡಿ ಕಲಸಿ ಕುಡಿಸುತ್ತಾರೆ. ಪ್ರೀತಿಯಿಂದ ಕೊಟ್ಟದ್ದೇ ರಕ್ತದ ಸಕ್ಕರೆಯನ್ನು ಇನ್ನೂ ಏರಿಸುತ್ತದೆ.

ಒಳಗೆ ನಡೆಯುತ್ತಿರುವುದು ಇಷ್ಟು. ದೇಹದ ರೋಗನಿರೋಧಕ ಶಕ್ತಿಯೇ ದಾರಿತಪ್ಪಿ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಮಾಡಿದೆ. ಇದು ಟೈಪ್ 1 ಮಧುಮೇಹ. ಸಿಹಿ ತಿಂದದ್ದರಿಂದ ಬಂದದ್ದಲ್ಲ, ಹೆತ್ತವರ ತಪ್ಪೂ ಅಲ್ಲ. ಅಂಗಳದಲ್ಲಿ ಅಡಿಕೆ ರಾಶಿ ಬಿದ್ದಿದ್ದೂ ಸುಲಿಯಲು ಜನವಿಲ್ಲದ ಮನೆಯ ಹಾಗೆ, ರಕ್ತದಲ್ಲಿ ಸಕ್ಕರೆ ತುಂಬಿದ್ದರೂ ಇನ್ಸುಲಿನ್ ಇಲ್ಲದೆ ಜೀವಕೋಶಗಳಿಗೆ ಅದು ದಕ್ಕುವುದಿಲ್ಲ. ಹೆಚ್ಚಾದ ಸಕ್ಕರೆ ನೀರನ್ನು ಎಳೆದುಕೊಂಡು ಮೂತ್ರದಲ್ಲಿ ಹೋಗುತ್ತದೆ. ಹಸಿದ ದೇಹ ಕೊಬ್ಬನ್ನು ಕರಗಿಸುತ್ತದೆ. ಆಗ ಹುಟ್ಟುವ ಕೀಟೋನುಗಳಿಂದ ರಕ್ತದಲ್ಲಿ ಆಮ್ಲ ಹೆಚ್ಚುತ್ತದೆ. ಆರೋಗ್ಯವಂತರ ರಕ್ತದ ಪಿಎಚ್ 7.35ರಿಂದ 7.45. ಅದು 7.3ಕ್ಕಿಂತ ಕೆಳಗಿಳಿದು, ಸಕ್ಕರೆ 200 ದಾಟಿ, ಕೀಟೋನು ಏರಿದ್ದರೆ ವೈದ್ಯರು ಅದನ್ನು ಡಯಾಬಿಟಿಕ್ ಕೀಟೋಅಸಿಡೋಸಿಸ್ ಎನ್ನುತ್ತಾರೆ. ಟೈಪ್ 1 ಇರುವ ಮಕ್ಕಳ ಜೀವಕ್ಕೆ ಎರವಾಗುವ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಎಷ್ಟೋ ಮಕ್ಕಳ ಕಾಯಿಲೆ ಮೊದಲು ಪತ್ತೆಯಾಗುವುದೇ ಈ ಹಂತ ತಲುಪಿದ ಮೇಲೆ.

ಆಮೇಲಿನದು ದಿನಗಳ ಲೆಕ್ಕವಲ್ಲ, ಗಂಟೆಗಳ ಲೆಕ್ಕ. ಹೊಟ್ಟೆನೋವು, ವಾಂತಿ. ಮನೆಯವರು ಅಜೀರ್ಣ ಎಂದುಕೊಳ್ಳುತ್ತಾರೆ, ಕೆಲವೊಮ್ಮೆ ವೈದ್ಯರಿಗೂ ಅಪೆಂಡಿಸೈಟಿಸ್ ಇರಬಹುದೆನಿಸುತ್ತದೆ. ಆಮ್ಲವನ್ನು ಹೊರಹಾಕಲು ದೇಹ ಆಳವಾಗಿ, ಬೇಗಬೇಗ ಉಸಿರೆಳೆಯುತ್ತದೆ. ನೋಡಿದವರು ದಮ್ಮು ಎನ್ನುತ್ತಾರೆ, ನ್ಯುಮೋನಿಯಾ ಎನ್ನುತ್ತಾರೆ. ಬಾಯಿಯ ಹತ್ತಿರ ಬಗ್ಗಿದರೆ ಕಳಿತ ಹಣ್ಣಿನ ವಾಸನೆ. ತುಟಿ ಒಣಗಿದೆ, ಕಣ್ಣು ಗುಳಿಬಿದ್ದಿದೆ, ಕರೆದರೆ ಅರೆಬರೆ ಉತ್ತರ. ವಾಂತಿಭೇದಿಯ ಮಗುವಿಗೆ ಮೂತ್ರ ಕಡಿಮೆಯಾಗುತ್ತದೆ. ಇಷ್ಟು ಒಣಗಿದ ಈ ಮಗು ಇನ್ನೂ ಧಾರಾಳವಾಗಿ ಮೂತ್ರ ಮಾಡುತ್ತಿದೆ. ಈ ಒಂದು ವ್ಯತ್ಯಾಸ ಗಮನಿಸಿದವರು ಜೀವ ಉಳಿಸುತ್ತಾರೆ.

ಮಕ್ಕಳ ತೀವ್ರನಿಗಾ ಘಟಕ ಬೇಕೆಂದರೆ ಇಲ್ಲಿಯವರು ನೋಡುವುದು ಮಂಗಳೂರಿನ ಕಡೆಗೆ. ಸರಕಾರದ ವೆನ್ಲಾಕ್ ಆಸ್ಪತ್ರೆಯಲ್ಲಿ ಮಕ್ಕಳಿಗೆಂದೇ ಪ್ರಾದೇಶಿಕ ಸುಧಾರಿತ ಆರೈಕೆ ಕೇಂದ್ರವಿದೆ. ಮೂಡುಬಿದಿರೆ ದಾಟಿ, ತೋಡಾರು, ಎಡಪದವು, ಗಂಜಿಮಠ, ಕೈಕಂಬ, ಗುರುಪುರದ ಸೇತುವೆ, ವಾಮಂಜೂರು, ಕುಲಶೇಖರ. ಮಳೆಯಲ್ಲಿ ಈ ಒಂದೊಂದು ಹೆಸರೂ ಎಷ್ಟು ದೂರವೆಂಬುದು ಮಡಿಲಲ್ಲಿ ಮಗುವನ್ನು ಮಲಗಿಸಿಕೊಂಡ ತಾಯಿಗೆ ಗೊತ್ತು.

ಅಲ್ಲಿಯ ಚಿಕಿತ್ಸೆಯಲ್ಲಿ ಆತುರಕ್ಕೆ ಜಾಗವಿಲ್ಲ. ಮೊದಲು ಸಲೈನ್. ಕಳೆದುಹೋದ ನೀರನ್ನು ಒಮ್ಮೆಗೇ ಸುರಿಯದೆ 24ರಿಂದ 48 ಗಂಟೆಗಳಲ್ಲಿ ತುಂಬಿಸುತ್ತಾರೆ. ಕನಿಷ್ಠ ಒಂದು ಗಂಟೆ ಕಳೆದ ಮೇಲೆ ಇನ್ಸುಲಿನ್, ಅದೂ ಒಂದು ಕಿಲೋ ತೂಕಕ್ಕೆ ಗಂಟೆಗೆ 0.05ರಿಂದ 0.1 ಯೂನಿಟ್‌ನಷ್ಟೇ. ಇನ್ಸುಲಿನ್ ಕೆಲಸ ಮಾಡತೊಡಗಿದರೆ ರಕ್ತದ ಪೊಟ್ಯಾಸಿಯಂ ಕುಸಿದು ಹೃದಯದ ಲಯ ತಪ್ಪಬಹುದು. ಅದಕ್ಕೇ ಮಾನಿಟರಿನ ಗೆರೆಯ ಮೇಲೆ ಕಣ್ಣು. ನೂರು ಮಕ್ಕಳಲ್ಲಿ ಒಬ್ಬರಿಗೆ, ಅಥವಾ ಅದಕ್ಕೂ ಕಡಿಮೆ ಮಂದಿಗೆ, ಮಿದುಳು ಊದಿಕೊಳ್ಳುತ್ತದೆ. ಕೀಟೋಅಸಿಡೋಸಿಸ್‌ನಲ್ಲಿ ಹೆಚ್ಚಿನ ಸಾವುಗಳಿಗೆ ಕಾರಣ ಅದೇ. ತಲೆನೋವು ಎಂದು ಮಗು ಅತ್ತರೆ ನರ್ಸ್ ಓಡಿ ಬರುವುದು ಆ ಭಯಕ್ಕೆ.

ಇನ್ಸುಲಿನ್ ಇಲ್ಲದ ಕಾಲದಲ್ಲಿ ಈ ಮಕ್ಕಳು ಉಳಿಯುತ್ತಲೇ ಇರಲಿಲ್ಲ. 1922ರ ಜನವರಿ 11ರಂದು ಟೊರೊಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಬಾರಿ ಅದನ್ನು ಚುಚ್ಚಲಾಯಿತು. ಔಷಧ ಸಿಕ್ಕಿ ನೂರು ವರ್ಷ ದಾಟಿದೆ. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಂದಾಜಿನಂತೆ ಭಾರತದಲ್ಲಿ 20 ವರ್ಷದೊಳಗಿನ ಸುಮಾರು 2.29 ಲಕ್ಷ ಮಂದಿಗೆ ಟೈಪ್ 1 ಇದೆ, ಜಗತ್ತಿನಲ್ಲೇ ಹೆಚ್ಚು. ಆದರೂ ಮಕ್ಕಳಿಗೆ ಶುಗರ್ ಬರುತ್ತದೆಂದರೆ ನಮ್ಮ ಜನ ಇನ್ನೂ ನಂಬುವುದಿಲ್ಲ.

ಇಟಲಿಯ ಪಾರ್ಮಾದಲ್ಲಿ 1991ರಲ್ಲಿ ಒಂದು ಕೆಲಸ ಮಾಡಿದರು. ಒಣಗಿದ್ದ ಹಾಸಿಗೆ ಮತ್ತೆ ಒದ್ದೆಯಾದರೆ, ಬಾಯಾರಿಕೆ ಹೆಚ್ಚಿದರೆ ಸಕ್ಕರೆ ಪರೀಕ್ಷಿಸಿ ಎಂಬ ಪೋಸ್ಟರನ್ನು ಶಾಲೆಗಳಲ್ಲಿ ಅಂಟಿಸಿದರು, ಮಕ್ಕಳ ವೈದ್ಯರಿಗೆ ರಕ್ತ, ಮೂತ್ರ ಪರೀಕ್ಷೆಯ ಸಾಧನ ಕೊಟ್ಟರು. ಅದಕ್ಕೆ ಮೊದಲು ಹೊಸದಾಗಿ ಪತ್ತೆಯಾದ ನೂರು ಮಕ್ಕಳಲ್ಲಿ 78 ಮಂದಿ ಕೀಟೋಅಸಿಡೋಸಿಸ್‌ಗೆ ಜಾರಿಯೇ ಆಸ್ಪತ್ರೆ ಸೇರುತ್ತಿದ್ದರು. ಮುಂದಿನ ವರ್ಷಗಳಲ್ಲಿ ಅದು 12.5ಕ್ಕೆ ಇಳಿಯಿತು.

ನಮ್ಮಲ್ಲಿ ಸಾಧನಕ್ಕೆ ಕೊರತೆಯಿಲ್ಲ. ಗ್ಲೂಕೋಮೀಟರ್ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಬಂದಿದೆ, ಬಿಪಿ-ಶುಗರ್ ಇರುವ ಅಜ್ಜ ಅಜ್ಜಿಯಂದಿರ ಎಷ್ಟೋ ಮನೆಗಳ ಕಪಾಟಿನಲ್ಲೂ ಇದೆ. ಸರಕಾರದ ಸಕ್ಕರೆ ತಪಾಸಣೆ 30 ವರ್ಷ ದಾಟಿದವರಿಗೆಂದು ರೂಪಿಸಿದ್ದು, ಹಾಗಾಗಿ ಮಗುವಿನ ಬೆರಳಿಗೆ ಆ ಸೂಜಿ ಚುಚ್ಚಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಆಶಾ ಕಾರ್ಯಕರ್ತೆಗೆ, ಅಂಗನವಾಡಿಯ ಟೀಚರಿಗೆ, ಶಾಲೆಯ ಬಿಸಿಯೂಟದ ಅಕ್ಕನಿಗೆ ಇದನ್ನು ಕಲಿಸಲು ಒಂದು ಮಧ್ಯಾಹ್ನ ಸಾಕು. ಬಾಯಾರಿಕೆ, ಪದೇ ಪದೇ ಮೂತ್ರ, ಸಪೂರ, ಸುಸ್ತು: ಈ ನಾಲ್ಕರಲ್ಲಿ ಎರಡು ಕಂಡರೂ ಅದೇ ದಿನ ಒಂದು ಹನಿ ರಕ್ತ ನೋಡಬೇಕು. ನಾಳೆಗೆ, ಸೋಮವಾರಕ್ಕೆ, ಮಳೆ ಬಿಟ್ಟ ಮೇಲೆ ಎಂದು ಮುಂದೂಡಬಾರದು. ಸಕ್ಕರೆ 200 ದಾಟಿದ್ದರೆ ಅದೇ ಹೊತ್ತಿಗೆ ಹೊರಡಬೇಕು.

ಹಾಗೆ ಹೊರಟ ಹುಡುಗಿ ಕೆಲವೇ ದಿನಗಳಲ್ಲಿ ಮತ್ತೆ ಬಸ್ಸು ಹತ್ತುತ್ತಾಳೆ. ದಿನಾ ಇನ್ಸುಲಿನ್ ಚುಚ್ಚಿಕೊಳ್ಳಬೇಕು, ಸಕ್ಕರೆ ಇಳಿದಾಗ ಬಾಯಿಗೆ ಹಾಕಲು ಚೀಲದಲ್ಲಿ ಬೆಲ್ಲದ ತುಂಡಿರಬೇಕು, ಒಂದಕ್ಕೆ ಎಂದು ಕೇಳಿದಾಗ ಟೀಚರ್ ಬೇಡವೆನ್ನಬಾರದು. ಇಷ್ಟನ್ನು ಊರು ನಡೆಸಿಕೊಟ್ಟರೆ ಅವಳು ಓದುತ್ತಾಳೆ, ಆಡುತ್ತಾಳೆ, ಎಲ್ಲರಂತೆ ದೊಡ್ಡವಳಾಗುತ್ತಾಳೆ.