ಒಕ್ಕೂಟ ಸರಕಾರದ ಕೆಲವು ಪಾರಿಭಾಷಿಕ ಶಬ್ದಗಳು

ದಿಲ್ಲಿಯ ಆಡಳಿತವನ್ನೂ ಬೆಂಗಳೂರಿನ ಆಡಳಿತವನ್ನೂ ‘ಸರಕಾರ’ವೆಂಬ ಒಂದೇ ಶಬ್ದದಿಂದ ನಿರ್ದೇಶಿಸುವುದು ನಮ್ಮಲ್ಲಿ ರೂಢಿ. ಇದರಿಂದ ಯಾವ ಕಾರ್ಯಕ್ಕೆ ಯಾರು ಹೊಣೆಯೆಂಬುದು ಮರೆಯಾಗಿ, ಜನರ ಅಹವಾಲು ಸಲ್ಲತಕ್ಕ ಸ್ಥಳಕ್ಕೆ ಸಲ್ಲದೆ ಹೋಗುವುದುಂಟು. ಆದುದರಿಂದ ಸಂವಿಧಾನದ ಕೆಲವು ಪರಿಭಾಷೆಗಳನ್ನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ದೃಷ್ಟಾಂತಗಳೊಡನೆ ಇಲ್ಲಿ ವಿವರಿಸಲಾಗಿದೆ.

ಒಕ್ಕೂಟ: ಸಂವಿಧಾನದ 1ನೆಯ ಅನುಚ್ಛೇದವು ಭಾರತವನ್ನು ರಾಜ್ಯಗಳ ಒಕ್ಕೂಟವೆಂದು ಕರೆದಿದೆ. ‘ಕೇಂದ್ರ’ವೆಂಬ ವಾಡಿಕೆಯ ಮಾತಿನಿಂದ ರಾಜ್ಯಗಳು ಅದರ ಶಾಖೆಗಳೆಂಬ ಭ್ರಾಂತಿ ಹುಟ್ಟಬಹುದು. ವಸ್ತುತಃ ಎರಡಕ್ಕೂ ಅಧಿಕಾರವು ಒದಗುವುದು ಸಂವಿಧಾನದಿಂದಲೇ. ಅದರ 7ನೆಯ ಅನುಸೂಚಿಯು ಶಾಸನವಿಷಯಗಳನ್ನು ಮೂರು ಪಟ್ಟಿಗಳಾಗಿ ವಿಂಗಡಿಸಿದೆ.

ಒಕ್ಕೂಟ ಪಟ್ಟಿ: ಇಲ್ಲಿಯ ವಿಷಯಗಳಲ್ಲಿ ಶಾಸನಾಧಿಕಾರವು ಸಂಸತ್ತಿನದು. ದೇಶರಕ್ಷಣೆ, ಅಂಚೆ, ರೈಲುಗಳು ಇದರಲ್ಲಿವೆ. ಬಂಟ್ವಾಳ, ಬೆಳ್ತಂಗಡಿಗಳನ್ನು ಹಾದು ಚಾರ್ಮಾಡಿ ಘಟ್ಟವನ್ನೇರುವ ಮಾರ್ಗವು ರಾಷ್ಟ್ರೀಯ ಹೆದ್ದಾರಿಯಾದುದರಿಂದ ಈ ಪಟ್ಟಿಗೆ ಸೇರಿತು. ಅದರಿಂದ ಕವಲೊಡೆದ ಹಳ್ಳಿಯ ರಸ್ತೆಯು ರಾಜ್ಯ ಪಟ್ಟಿಗೆ ಸೇರಿದುದು.

ರಾಜ್ಯ ಪಟ್ಟಿ: ಪೊಲೀಸು, ಕೃಷಿ, ಭೂಮಿ, ಸ್ಥಳೀಯಾಡಳಿತಗಳು ಇದರಲ್ಲಿವೆ. ಚಾಲಗೇಣಿಯ ಒಕ್ಕಲುಗಳಿಗೆ ಭೂಮಿಯ ಒಡೆತನವನ್ನು ದೊರಕಿಸಿದ 1974ರ ಭೂಸುಧಾರಣಾ ತಿದ್ದುಪಡಿಯು ನಮ್ಮ ವಿಧಾನಮಂಡಲದ ಕೃತಿ. ನೀರೂ ಈ ಪಟ್ಟಿಯದೇ. ಆದರೆ ಅಂತರರಾಜ್ಯ ನದಿಗಳ ನಿಯಂತ್ರಣವನ್ನು ಸಂಸತ್ತು ಶಾಸನದ ಮೂಲಕ ವಹಿಸಿಕೊಳ್ಳಬಹುದು. ನೇತ್ರಾವತಿಯು ಘಟ್ಟದಿಂದ ಕಡಲಿನವರೆಗೆ ಕರ್ನಾಟಕದಲ್ಲಿಯೇ ಹರಿಯುವುದರಿಂದ ಅಂತಹ ನದಿಯಲ್ಲ.

ಸಮವರ್ತಿ ಪಟ್ಟಿ: ಇಲ್ಲಿ ಉಭಯರಿಗೂ ಅಧಿಕಾರವುಂಟು. ಅರಣ್ಯ, ಶಿಕ್ಷಣಗಳು ಮೊದಲು ರಾಜ್ಯ ಪಟ್ಟಿಯಲ್ಲಿದ್ದು, 1976ರ 42ನೆಯ ತಿದ್ದುಪಡಿಯಿಂದ ಇಲ್ಲಿಗೆ ಬಂದವು. ಹೀಗಾಗಿ ಮೂಡುಬಿದಿರೆಯ ವಿದ್ಯಾಲಯಗಳು ಎರಡು ಕಡೆಯ ಶಾಸನಗಳಿಗೂ ಒಳಪಟ್ಟಿವೆ. ಬೆಳ್ತಂಗಡಿಯ ಘಟ್ಟದ ತಪ್ಪಲಿನ ಅರಣ್ಯಭೂಮಿಯನ್ನು ರಾಜ್ಯವು ಅನ್ಯ ಕಾರ್ಯಕ್ಕೆ ಕೊಡಬೇಕಾದರೆ, ಸಂಸತ್ತಿನ 1980ರ ಶಾಸನದಂತೆ, ಸಾಮಾನ್ಯವಾಗಿ ಒಕ್ಕೂಟ ಸರಕಾರದ ಪೂರ್ವಾನುಮತಿ ಬೇಕು. ಉಭಯ ಶಾಸನಗಳಿಗೆ ವಿರೋಧ ಬಂದರೆ ಸಂಸತ್ತಿನದೇ ಪ್ರಬಲ. ರಾಷ್ಟ್ರಪತಿಗಳ ಅನುಮತಿ ಪಡೆದ ರಾಜ್ಯಶಾಸನವು ಮಾತ್ರ ಆ ರಾಜ್ಯದ ಮಟ್ಟಿಗೆ ನಿಲ್ಲಬಹುದು.

ಶೇಷಾಧಿಕಾರ: ಯಾವ ಪಟ್ಟಿಯಲ್ಲಿಯೂ ಹೇಳದೆ ಉಳಿದ ವಿಷಯಗಳ ಅಧಿಕಾರವಿದು. ಅಮೇರಿಕದಲ್ಲಿ ಉಳಿದುದು ರಾಜ್ಯಗಳಿಗೆ; ನಮ್ಮಲ್ಲಿ 248ನೆಯ ಅನುಚ್ಛೇದದಂತೆ ಸಂಸತ್ತಿಗೆ.

ಪುನರ್ವಿಂಗಡಣೆ: 3ನೆಯ ಅನುಚ್ಛೇದದಂತೆ ರಾಜ್ಯಗಳ ಗಡಿಯನ್ನೂ ಹೆಸರನ್ನೂ ಸಂಸತ್ತು ಮಾರ್ಪಡಿಸಬಹುದು. ಸಂಬಂಧಪಟ್ಟ ವಿಧಾನಮಂಡಲದ ಅಭಿಪ್ರಾಯವನ್ನು ಕೇಳಬೇಕು; ಅದರಂತೆಯೇ ನಡೆಯಬೇಕೆಂಬ ನಿರ್ಬಂಧವಿಲ್ಲ. ಈ ಶಬ್ದದ ತೂಕವನ್ನು ನಮ್ಮ ಜಿಲ್ಲೆಯು ಅನುಭವದಿಂದ ಬಲ್ಲದು. 1956ರ ನವೆಂಬರ್ 1ರಂದು ಮದರಾಸು ರಾಜ್ಯದ ದಕ್ಷಿಣ ಕನ್ನಡವು ಮೈಸೂರು ರಾಜ್ಯವನ್ನು ಸೇರಿದಾಗ, ಅದುವರೆಗೆ ಅದೇ ಜಿಲ್ಲೆಯ ಅಂಗವಾಗಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಮೈಸೂರು ರಾಜ್ಯವು ಕರ್ನಾಟಕವೆಂಬ ಹೆಸರನ್ನು ಪಡೆದುದು 1973ರಲ್ಲಿ.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಶಾಸನವಿಷಯಗಳಲ್ಲಿ ರಾಜ್ಯವು ಒಕ್ಕೂಟದ ಶಾಖೆಯಲ್ಲ. ಗಡಿಯ ವಿಷಯದಲ್ಲಿ ಮಾತ್ರ ಕೊನೆಯ ಮಾತು ರಾಜ್ಯದ್ದಲ್ಲ. ಈ ವಿವೇಚನೆಯಿದ್ದವನು ರಸ್ತೆಗೋ ಶಾಲೆಗೋ ಕಾಡಿಗೋ ಸಂಬಂಧಿಸಿದ ತನ್ನ ಅಹವಾಲನ್ನು ಯಾರ ಮುಂದಿಡಬೇಕೆಂಬುದನ್ನು ತಾನೇ ನಿಶ್ಚಯಿಸಬಲ್ಲನು.