ಚಳಿಗಾಲದಲ್ಲಿ ಗಾಲ್ಫ್ ಆಟ

ಚಳಿಗಾಲದಲ್ಲಿ ಗಾಲ್ಫ್ ಆಡುವುದು ಸರಿಯೇ ಎಂದು ಬೆಂಗಳೂರಿನಲ್ಲಿ ಯಾರಾದರೂ ಕೇಳಿದರೆ, ಕೇಳಿದವರನ್ನು ನಾವು ಸ್ವಲ್ಪ ಆಶ್ಚರ್ಯದಿಂದ ನೋಡುವುದು ಸಹಜವೇ. ಮಾರ್ಗಶಿರ ಪುಷ್ಯಗಳ ಎಳೆಬಿಸಿಲು, ಬೆವರು ಬರಿಸದ ಗಾಳಿ, ಮಳೆಯ ಭಯವಿಲ್ಲದ ಆಕಾಶ. ಬಯಲಿನ ಆಟಕ್ಕೆ ಇದಕ್ಕಿಂತ ಒಳ್ಳೆಯ ಕಾಲ ನಮ್ಮಲ್ಲಿ ಮತ್ತೊಂದಿಲ್ಲ. ಆದರೆ ಈ ಆಟ ಬೆಳೆದು ಬಂದ ಸ್ಕಾಟ್ಲೆಂಡಿನಲ್ಲಿ ಇದು ಹಾಗೆ ತಳ್ಳಿಹಾಕುವ ಪ್ರಶ್ನೆಯಲ್ಲ. ಅಲ್ಲಿ ನವೆಂಬರ್ ತಿಂಗಳು ಕಾಲಿಟ್ಟೊಡನೆ ಆಟಗಾರರಲ್ಲಿ ಎರಡು ಪಕ್ಷಗಳೇಳುತ್ತವೆ. ಆಟದ ಕೋಲುಗಳನ್ನು ಒರೆಸಿ ಮೂಲೆಯಲ್ಲಿಟ್ಟು ಏಪ್ರಿಲ್‌ವರೆಗೆ ಅವನ್ನು ಮುಟ್ಟಬಾರದೆಂಬುದು ಒಂದು ಪಕ್ಷ. ಗಾಳಿಯೇ ಬೀಸಲಿ, ಹಿಮವೇ ಬೀಳಲಿ, ಆಟ ಬಿಡಬಾರದೆಂಬುದು ಇನ್ನೊಂದು. ಎರಡು ಪಕ್ಷದವರೂ ಆಟಗಾರನ ಆರೋಗ್ಯ, ಧೈರ್ಯ, ಅಭ್ಯಾಸಗಳನ್ನು ಕುರಿತೇ ವಾದಿಸುತ್ತಾರೆ. ಈ ವಾದದಲ್ಲಿ ಮಾತನಾಡಲಾರದ ಮೂರನೆಯ ಪಕ್ಷವೊಂದಿದೆ; ಅದು ಆಟಗಾರನ ಕಾಲಕೆಳಗಿನ ಹುಲ್ಲು. ಅದರ ಪರವಾಗಿಯೂ ನಾಲ್ಕು ಮಾತು ಹೇಳುವುದು ಈ ಭಾಷಣದ ಉದ್ದೇಶ.

ಮೊದಲು ಇತಿಹಾಸವನ್ನು ನೋಡೋಣ. ಗಾಲ್ಫ್ ಬೇಸಗೆಯ ಆಟ, ಚಳಿಗಾಲದಲ್ಲಿ ಆಡುವುದು ಹಟಮಾರಿತನ ಎಂಬ ಭಾವನೆ ಇಂದು ಸಾಮಾನ್ಯವಾಗಿದೆ. ವಾಸ್ತವವಾಗಿ ಪೂರ್ವದಲ್ಲಿ ಸಂಗತಿ ಇದಕ್ಕೆ ವಿರುದ್ಧವಾಗಿದ್ದಿತು. ಸ್ಕಾಟ್ಲೆಂಡಿನ ಪೂರ್ವತೀರದಲ್ಲಿ ಸಮುದ್ರಕ್ಕೂ ಉಳುವ ಭೂಮಿಗೂ ನಡುವೆ ಮರಳುದಿಬ್ಬಗಳಿಂದ ಕೂಡಿದ ಹುಲ್ಲುಗಾವಲುಗಳಿವೆ. ಅವಕ್ಕೆ ಲಿಂಕ್ಸ್ ಎಂದು ಹೆಸರು. ಆಟ ನಡೆಯುತ್ತಿದ್ದುದು ಅಲ್ಲಿಯೇ. ಹುಲ್ಲನ್ನು ಸಮನಾಗಿ ಕತ್ತರಿಸುವ ಯಂತ್ರವಿಲ್ಲದ ಕಾಲದಲ್ಲಿ ಆ ಕೆಲಸವನ್ನು ಕುರಿಗಳೂ ಮೊಲಗಳೂ ಮಾಡಬೇಕಾಗಿದ್ದಿತು. ಬೇಸಗೆಯಲ್ಲಿ ಅವುಗಳ ಬಾಯಿಗೆ ಮೀರಿ ಹುಲ್ಲು ಬೆಳೆದು, ಹೊಡೆದ ಚೆಂಡು ಕಣ್ಮರೆಯಾಗುತ್ತಿದ್ದಿತು. ಹುಲ್ಲು ತಗ್ಗಿ ನೆಲ ಬಿಗಿಯಾಗುತ್ತಿದ್ದ ಶರತ್ಕಾಲದಿಂದ ವಸಂತದವರೆಗಿನ ಅವಧಿಯೇ ಆಟಕ್ಕೆ ಅನುಕೂಲವಾದ ಕಾಲವಾಗಿದ್ದಿತು. 1567ನೆಯ ಇಸವಿಯ ಫೆಬ್ರವರಿಯಲ್ಲಿ ರಾಣಿ ಮೇರಿಯ ಪತಿ ಡಾರ್ನ್ಲಿಯ ಕೊಲೆಯಾಯಿತು. ಅದಾದ ಕೆಲವೇ ದಿನಗಳಲ್ಲಿ ರಾಣಿ ಗಾಲ್ಫ್ ಆಡಿದಳೆಂದು ಆಕೆಯ ವಿರೋಧಿಗಳು ಆರೋಪ ಹೊರಿಸಿದರು. ಪತಿಶೋಕವಿಲ್ಲದವಳೆಂಬುದು ಅವರ ಆಕ್ಷೇಪಣೆಯಾಗಿದ್ದಿತೇ ಹೊರತು, ಫೆಬ್ರವರಿಯ ಚಳಿಯಲ್ಲಿ ಆಡಿದಳೆಂಬುದಲ್ಲ.

1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಎಂಬುವನು ಹುಲ್ಲು ಕತ್ತರಿಸುವ ಯಂತ್ರವನ್ನು ನಿರ್ಮಿಸಿದನು. ಅಂಥ ಯಂತ್ರಗಳು ಕ್ರಮೇಣ ಮೈದಾನಗಳಿಗೆ ಬಂದ ಮೇಲೆ ಬೇಸಗೆಯ ಆಟ ಸುಲಭವಾಯಿತು. ರೈಲುಗಳು ಸಮುದ್ರತೀರಕ್ಕೆ ವಿಹಾರಾರ್ಥಿಗಳನ್ನು ಕರೆತಂದವು. ದೀರ್ಘವಾದ ಹಗಲು ಸಹಾಯಕ್ಕೆ ನಿಂತಿತು. ಆಟದ ಕಾಲ ತಿರುಗುಮುರುಗಾಯಿತು. ಹಾಗಾದರೆ ಪೂರ್ವಿಕರಂತೆ ನಾವೂ ಚಳಿಗಾಲದಲ್ಲಿ ಆಡಬಹುದಲ್ಲವೇ ಎಂದು ಎರಡನೆಯ ಪಕ್ಷದವರು ಕೇಳಬಹುದು. ಆದರೆ ಪೂರ್ವಿಕರ ಸಂಖ್ಯೆ ಅಲ್ಪ. ಅವರು ಆಡುತ್ತಿದ್ದ ನೆಲ ಒರಟು. ಇಂದಿನ ಮೈದಾನದಲ್ಲಿ ಕುಳಿಯ ಸುತ್ತಲಿನ ಭಾಗವನ್ನು, ಎಂದರೆ ಗ್ರೀನ್ ಎಂದು ಕರೆಯುವ ಭಾಗವನ್ನು, ಬೇಸಗೆಯಲ್ಲಿ ಅರ್ಧ ಸೆಂಟಿಮೀಟರಿಗೂ ಕಡಮೆಯಾಗಿ ಕತ್ತರಿಸಿ ನುಣುಪಾಗಿಟ್ಟಿರುತ್ತಾರೆ. ಒಂದೇ ದಿನದಲ್ಲಿ ನೂರಾರು ಕಾಲುಗಳು ಅದರ ಮೇಲೆ ಹಾದುಹೋಗುತ್ತವೆ. ಆದಕಾರಣ ಹಳೆಯ ಪದ್ಧತಿಯೊಂದೇ ಇಲ್ಲಿ ಪ್ರಮಾಣವಾಗಲಾರದು.

ಈಗ ಹುಲ್ಲಿನ ವಿಚಾರ. ಶೀತದೇಶದ ಮೈದಾನಗಳಲ್ಲಿ ಬೆಳೆಯುವ ಫೆಸ್ಕ್ಯೂ, ಬೆಂಟ್ ಮೊದಲಾದ ಜಾತಿಗಳು ಮಣ್ಣಿನ ಉಷ್ಣತೆ ಸುಮಾರು 5 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿಳಿದರೆ ಬಹುಮಟ್ಟಿಗೆ ಬೆಳವಣಿಗೆಯನ್ನು ನಿಲ್ಲಿಸುತ್ತವೆ. ಅವು ಸಾಯುವುದಿಲ್ಲ, ನಿದ್ರಿಸುತ್ತವೆ. ಜೂನ್ ತಿಂಗಳಿನಲ್ಲಿ ಕೋಲಿನ ಏಟಿನಿಂದಾದ ಗಾಯ ಕೆಲವೇ ವಾರಗಳಲ್ಲಿ ಮಾಯುತ್ತದೆ. ಡಿಸೆಂಬರಿನಲ್ಲಿ ಆದ ಗಾಯ ವಸಂತದವರೆಗೂ ಹಾಗೆಯೇ ಬಾಯ್ದೆರೆದುಕೊಂಡಿರುತ್ತದೆ. ಆಟ ಅದೇ, ಏಟು ಅದೇ. ಗುಣವಾಗುವ ಶಕ್ತಿ ಮಾತ್ರ ಇಲ್ಲ.

ಇದಕ್ಕಿಂತ ಸೂಕ್ಷ್ಮವಾದುದು ಹೆಪ್ಪುಗಟ್ಟಿದ ಇಬ್ಬನಿಯ ಪ್ರಶ್ನೆ. ನಿರ್ಮಲವಾದ ರಾತ್ರಿ ಕಳೆದು ಬೆಳಗಾದಾಗ ಮೈದಾನ ಬೆಳ್ಳಿಯ ಹಾಸಿನಂತೆ ಕಾಣುತ್ತದೆ. ಆಗ ಎಸಳಿನ ಮೇಲಿನ ಇಬ್ಬನಿ ಮಾತ್ರವಲ್ಲ, ಎಸಳಿನೊಳಗಿನ ನೀರೂ ಗಡ್ಡೆಕಟ್ಟಿರುವುದುಂಟು. ಕಾಲಿಟ್ಟೊಡನೆ ಆ ಸಣ್ಣ ಸಣ್ಣ ಹರಳುಗಳು ಎಸಳಿನ ಜೀವಕೋಶಗಳನ್ನು ಚುಚ್ಚಿ ಒಡೆಯುತ್ತವೆ. ಆ ಕ್ಷಣದಲ್ಲಿ ಏನೂ ಕಾಣದು. ಆಟಗಾರ ಮನೆಗೆ ಹೋಗಿ ಬಿಸಿ ಚಹಾ ಕುಡಿಯುವ ಹೊತ್ತಿಗೆ, ಅಥವಾ ಮರುದಿನ, ಅವನ ಒಂದೊಂದು ಹೆಜ್ಜೆಯೂ ಕಂದುಬಣ್ಣದ ಗುರುತಾಗಿ ಗ್ರೀನಿನ ಮೇಲೆ ಮೂಡಿರುತ್ತದೆ.

ಇನ್ನೂ ಅಪಾಯಕರವಾದುದು ಹೆಪ್ಪು ಕರಗುವ ಹೊತ್ತು. ಬಿಸಿಲು ಬಂದಿತು, ಇನ್ನು ಆಡಬಹುದು ಎಂದು ನಮಗೆ ತೋರುತ್ತದೆ. ಆದರೆ ಮೇಲಿನ ಒಂದೆರಡು ಅಂಗುಲದ ಮಣ್ಣು ಮಾತ್ರ ಮೆತ್ತಗಾಗಿ, ಅದರ ಕೆಳಗಿನದು ಇನ್ನೂ ಕಲ್ಲಿನಂತಿರುತ್ತದೆ. ಕಾಲಿನ ಭಾರಕ್ಕೆ ಮೇಲಿನ ಪದರ ಜಾರುತ್ತದೆ, ಕೆಳಗಿನದು ಕದಲುವುದಿಲ್ಲ. ನಡುವೆ ಸಿಕ್ಕಿದ ಬೇರು ಹರಿದುಹೋಗುತ್ತದೆ. ಜೇಡಿಮಣ್ಣಿನ ಒಳನಾಡಿನ ಮೈದಾನಗಳಲ್ಲಿ ಇದರೊಡನೆ ನೀರಿನ ಬಾಧೆಯೂ ಸೇರುತ್ತದೆ. ನೆನೆದ ನೆಲವನ್ನು ತುಳಿದರೆ ಮಣ್ಣು ಒತ್ತಿಕೊಂಡು, ಬೇರಿಗೆ ಗಾಳಿಯೂ ನೀರಿಗೆ ದಾರಿಯೂ ಇಲ್ಲದಂತಾಗುತ್ತದೆ. ಮರಳುನೆಲದ ಲಿಂಕ್ಸುಗಳಲ್ಲಿ ನೀರು ಬೇಗ ಇಂಗಿಹೋಗುವುದರಿಂದ ಅವು ಚಳಿಗಾಲದ ಆಟವನ್ನು ಬಹಳಮಟ್ಟಿಗೆ ಸಹಿಸಿಕೊಳ್ಳುತ್ತವೆ. ಒಂದೇ ದೇಶ, ಒಂದೇ ತಿಂಗಳು. ಆದರೂ ಒಂದು ಮೈದಾನದಲ್ಲಿ ನಿರ್ದೋಷವಾದ ಆಟ ಇನ್ನೊಂದರಲ್ಲಿ ಅಪರಾಧವಾಗಬಹುದು.

ಹಾಗೆಂದು ಚಳಿಗಾಲದಲ್ಲಿ ಆಟವನ್ನು ಪೂರ್ತಿಯಾಗಿ ಬಿಡಬೇಕೆಂಬ ಮೊದಲನೆಯ ಪಕ್ಷವನ್ನೂ ನಾವು ಒಪ್ಪಲಾರೆವು. ಸೇಂಟ್ ಆಂಡ್ರೂಸಿನಲ್ಲಿ ಡಿಸೆಂಬರಿನ ಅಂತ್ಯದಲ್ಲಿ ಹಗಲು ಸುಮಾರು 7 ಗಂಟೆಗಳಷ್ಟು ಮಾತ್ರ; ನಮ್ಮ ಮೈಸೂರಿನಲ್ಲಿ ಅದು ಎಂದೂ 11 ಗಂಟೆಗಳಿಗೆ ಕಡಮೆಯಾಗದು. ಆ ಕತ್ತಲೆಯ ತಿಂಗಳುಗಳಲ್ಲಿ ಮನೆಯೊಳಗೇ ಕುಳಿತಿರುವ ವೃದ್ಧನಿಗೆ, ಗೆಳೆಯರೊಡನೆ ನಾಲ್ಕಾರು ಮೈಲಿ ನಡೆದು ಬರುವ ಈ ಆಟ ವಿಲಾಸವಲ್ಲ, ಔಷಧ. ಐದು ತಿಂಗಳು ಬಿಟ್ಟರೆ ಮರಳಿ ಬರುವನೆಂಬ ಭರವಸೆಯೂ ಆ ವಯಸ್ಸಿನಲ್ಲಿಲ್ಲ. ಆದುದರಿಂದ ಆಡಲಿ, ಮೈಯನ್ನು ಬೆಚ್ಚಗೆ ಮಾಡಿಕೊಂಡು, ಕೈಕಾಲುಗಳನ್ನು ಸಡಿಲಿಸಿಕೊಂಡು ಆಡಲಿ. ಚೆಂಡು ಮುಂಚಿನಷ್ಟು ದೂರ ಹೋಗದಿದ್ದರೆ ತನ್ನ ತೋಳನ್ನು ನಿಂದಿಸದಿರಲಿ. 30 ಡಿಗ್ರಿಯಲ್ಲಿ ಘನಮೀಟರಿಗೆ ಸುಮಾರು 1.16 ಕಿಲೋಗ್ರಾಂ ತೂಗುವ ಗಾಳಿ, 0 ಡಿಗ್ರಿಯಲ್ಲಿ 1.29 ಕಿಲೋಗ್ರಾಂ ತೂಗುತ್ತದೆ. ದಟ್ಟವಾದ ಗಾಳಿ ಚೆಂಡನ್ನು ತಡೆಯುತ್ತದೆ; ತಣ್ಣಗಾದ ಚೆಂಡೂ ಪುಟಿಯುವ ಗುಣವನ್ನು ಸ್ವಲ್ಪ ಕಳೆದುಕೊಳ್ಳುತ್ತದೆ.

ಎರಡು ಪಕ್ಷಗಳನ್ನೂ ಸಮಾಧಾನಪಡಿಸುವ ಉಪಾಯಗಳನ್ನು ಅಲ್ಲಿನವರು ಅನುಭವದಿಂದ ಕಂಡುಕೊಂಡಿದ್ದಾರೆ. ಹೆಪ್ಪು ಬಿದ್ದ ದಿನ ನಿಜವಾದ ಗ್ರೀನನ್ನು ಮುಚ್ಚಿ, ಅದರ ಮುಂದೆ ಸಾಧಾರಣ ಹುಲ್ಲಿನಲ್ಲಿಯೇ ತಾತ್ಕಾಲಿಕವಾದ ಕುಳಿಯನ್ನು ತೋಡುತ್ತಾರೆ. ಸೇಂಟ್ ಆಂಡ್ರೂಸಿನ ಪ್ರಸಿದ್ಧವಾದ ಓಲ್ಡ್ ಕೋರ್ಸಿನಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಆಟಗಾರನು ಒಂದು ಸಣ್ಣ ಚಾಪೆಯನ್ನು ಜೊತೆಯಲ್ಲೊಯ್ದು, ಚೆಂಡನ್ನು ಅದರ ಮೇಲಿಟ್ಟು ಹೊಡೆಯುವ ಪದ್ಧತಿಯುಂಟು. ಏಟು ಚಾಪೆಗೆ ಬೀಳುತ್ತದೆ, ಹುಲ್ಲಿಗಲ್ಲ. ಬೇರೆಡೆಗಳಲ್ಲಿ, ಕೆಸರಿನಲ್ಲಿ ನಿಂತ ಚೆಂಡನ್ನೆತ್ತಿ ಒರೆಸಿ, ಕುಳಿಗೆ ಸಮೀಪವಾಗದಂತೆ ಪಕ್ಕದಲ್ಲಿಡಲು ಸ್ಥಳೀಯ ನಿಯಮ ಅನುಮತಿ ಕೊಡುತ್ತದೆ. ಇವೆಲ್ಲ ಆಟದ ಶುದ್ಧಿಗೆ ಕುಂದೆಂದು ಮೂಗು ಮುರಿಯುವವರುಂಟು. ನಮಗೆ ಹಾಗೆ ತೋರುವುದಿಲ್ಲ. ಅತಿಥಿಯು ಮನೆಯ ಯಜಮಾನನ ಅನುಕೂಲವನ್ನು ನೋಡಿ ನಡೆದುಕೊಳ್ಳುವುದು ಅವನ ಮರ್ಯಾದೆಗೆ ಕುಂದಲ್ಲ.

ಈ ಸಂದರ್ಭದಲ್ಲಿ ಟಾಮ್ ಮಾರಿಸ್ ಎಂಬ ಹಿರಿಯನನ್ನು ನೆನೆಯಬೇಕು. 1821ರಲ್ಲಿ ಹುಟ್ಟಿ 1908ರಲ್ಲಿ ತೀರಿಕೊಂಡ ಆತನು ಸೇಂಟ್ ಆಂಡ್ರೂಸಿನ ಮೈದಾನವನ್ನು ದಶಕಗಳ ಕಾಲ ನೋಡಿಕೊಂಡವನು. ತನ್ನ ಕಾಲದ ಮೇಲ್ತರಗತಿಯ ಆಟಗಾರನೂ ಹೌದು. ಚಳಿಗಾಲದಲ್ಲಿಯೂ ಸಮುದ್ರಸ್ನಾನವನ್ನು ಬಿಡದ ಗಟ್ಟಿಗನೆಂದು ಆತನನ್ನು ಕುರಿತು ಹೇಳುತ್ತಾರೆ. ಅಂಥವನೇ ಭಾನುವಾರ ಆಟ ಕೂಡದೆಂದನು. ಆಟಗಾರರಿಗೆ ಬೇಡವಾದರೂ ನೆಲಕ್ಕೆ ವಿಶ್ರಾಂತಿ ಬೇಕೆಂಬ ಭಾವದ ಮಾತು ಆತನ ಹೆಸರಿನಲ್ಲಿ ಪ್ರಚಾರದಲ್ಲಿದೆ. ಸಾಮಾನ್ಯವಾದ ಭಾನುವಾರಗಳಲ್ಲಿ ಓಲ್ಡ್ ಕೋರ್ಸಿನ ಮೇಲೆ ಇಂದಿಗೂ ಆಟವಿಲ್ಲ. ಊರಿನ ಜನ ಮಕ್ಕಳೊಡನೆ ಅಲ್ಲಿ ಅಡ್ಡಾಡುತ್ತಾರೆ. ತನ್ನ ದೇಹವನ್ನು ಚಳಿಗೊಡ್ಡಲು ಹೆದರದವನು ನೆಲದ ವಿಷಯದಲ್ಲಿ ಮೃದುವಾಗಿದ್ದನೆಂಬುದು ನಾವು ಗಮನಿಸತಕ್ಕ ಅಂಶ.

ಇನ್ನು ನಮ್ಮ ಕಡೆಗೆ ಬರೋಣ. 1876ರಲ್ಲಿ ಸ್ಥಾಪಿತವಾದ ಗಾಲ್ಫ್ ಕ್ಲಬ್ಬು ಬೆಂಗಳೂರಿನಲ್ಲಿದೆ. ಉಷ್ಣದೇಶಗಳ ಅನೇಕ ಮೈದಾನಗಳಲ್ಲಿ ಬೆಳೆಸುವ ಬರ್ಮುಡಾ ಹುಲ್ಲು ನಾವು ವಿನಾಯಕನಿಗೆ ಅರ್ಪಿಸುವ ಗರಿಕೆಯ ಜಾತಿಯದೇ ಆಗಿದೆ. ಅದಕ್ಕೆ ಬಿಸಿಲೆಂದರೆ ಪ್ರೀತಿ. ನಮ್ಮ ಬಯಲಿನ ಸೌಮ್ಯವಾದ ಚಳಿ ಅದನ್ನು ಸ್ವಲ್ಪ ನಿಧಾನಗೊಳಿಸಬಹುದಾದರೂ ಕೊಲ್ಲುವುದಿಲ್ಲ. ನೆಲವನ್ನು ಮೆತ್ತಗೆ ಮಾಡಿ ತುಳಿತಕ್ಕೆ ಗುರಿಮಾಡುವುದು ಇಲ್ಲಿ ಚಳಿಯಲ್ಲ, ಮಳೆ. ಆದರೆ ಘಟ್ಟವನ್ನೇರಿ ಉದಕಮಂಡಲಕ್ಕೆ ಹೋದರೆ ಜನವರಿಯ ಬೆಳಗಿನಲ್ಲಿ ಸ್ಕಾಟ್ಲೆಂಡಿನ ಬೆಳ್ಳಿಹಾಸನ್ನೇ ಕಾಣಬಹುದು. ಕಾಶ್ಮೀರದ ಗುಲ್ಮಾರ್ಗದಲ್ಲಂತೂ ವಾದಕ್ಕೆ ಅವಕಾಶವೇ ಇಲ್ಲ. ಅಲ್ಲಿ ಗಾಲ್ಫ್ ಮೈದಾನ ಹಿಮದಡಿಯಲ್ಲಿ ಮಲಗುತ್ತದೆ.

ಆದುದರಿಂದ ಚಳಿಗಾಲದಲ್ಲಿ ಆಡಬೇಕೇ ಬೇಡವೇ ಎಂಬುದಕ್ಕೆ ಉತ್ತರ ಪಂಚಾಂಗದಲ್ಲಿ ದೊರೆಯುವುದಿಲ್ಲ; ಅದು ಆ ದಿನದ ಬೆಳಗಿನ ನೆಲದಲ್ಲಿದೆ. ಅದನ್ನು ಓದಬಲ್ಲವನು, ಸೂರ್ಯನಿಗಿಂತ ಮೊದಲೇ ಎದ್ದು ಮಣ್ಣನ್ನು ಬೆರಳಿನಿಂದ ಒತ್ತಿನೋಡುವ ಮೈದಾನದ ಮಾಲಿ. ಅವನು ಬೇಡವೆಂದ ದಿನ ಬಾಗಿಲಲ್ಲಿ ನಿಂತು ಗೊಣಗುವವರು ಒಂದು ಮಾತನ್ನು ನೆನಪಿನಲ್ಲಿಡಬೇಕು: ನಮ್ಮ ಒಂದು ಬೆಳಗಿನ ಸಂತೋಷಕ್ಕೆ, ಇನ್ನೂ ಬಾರದ ಬೇಸಗೆಯಲ್ಲಿ ಆಡಬೇಕಾದ ನೂರಾರು ಜನ ಬೆಲೆ ತೆರಬೇಕಾಗುತ್ತದೆ. ಅವನು ಆಗಬಹುದೆಂದ ದಿನ, ಚಳಿಗೆ ಹೆದರದೆ, ಕಂಬಳಿ ಕೊಡವಿ ಎದ್ದು ಹೊರಡುವುದೇ ಸರಿ.