ಶಟರ್ ಕೆಳಗೆ, ಹಿಂಬಾಗಿಲು ತೆರೆದೇ

2024ರ ಏಪ್ರಿಲ್ 26ರಂದು ಉಡುಪಿ-ಚಿಕ್ಕಮಗಳೂರು ಕ್ಷೇತ್ರದಲ್ಲಿ ಲೋಕಸಭೆಗೆ ಮತದಾನವಿತ್ತು. ಅದು ಮುಗಿಯುವ ಹೊತ್ತಿಗೆ 48 ಗಂಟೆ ಮೊದಲೇ ಕಾಪು, ಮಣಿಪಾಲ, ಕಾರ್ಕಳಗಳ ವೈನ್ ಶಾಪ್, ಬಾರುಗಳೆಲ್ಲ ಮುಚ್ಚಬೇಕಿತ್ತು. ಪ್ರಜಾಪ್ರತಿನಿಧಿ ಕಾಯ್ದೆಯ 135ಸಿ ಕಲಮಿನ ಪ್ರಕಾರ, ತಪ್ಪಿದರೆ ಆರು ತಿಂಗಳವರೆಗೆ ಸಜೆ, ಇಲ್ಲವೇ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನಿಷೇಧದ ದಿನ ದುಪ್ಪಟ್ಟು ಬೆಲೆಗೆ ಮಾರುವವನಿಗೆ ಈ ದಂಡ ಒಂದು ಲೆಕ್ಕವೇ ಅಲ್ಲ.

ಕುಡಿಯುವವನಿಗೆ ಗೊತ್ತಿರುವ ಹಿಂಬಾಗಿಲು ಬೀಟ್ ಪೊಲೀಸರಿಗೆ ಗೊತ್ತಿಲ್ಲ ಎಂದರೆ ಯಾರು ನಂಬುತ್ತಾರೆ? ದಾಳಿ ನಡೆಯುವುದುಂಟು. ಸಿಕ್ಕಿಬೀಳುವವನು ಮಾತ್ರ ಹೆಚ್ಚಾಗಿ ಚೀಲದಲ್ಲಿ ಹತ್ತಿಪ್ಪತ್ತು ಕ್ವಾರ್ಟರ್ ಇಟ್ಟುಕೊಂಡ ಗೂಡಂಗಡಿಯವನು. ಅವನಿಗೆ ಮಾಲು ಕೊಟ್ಟವರು ಯಾರು ಎಂಬ ಪ್ರಶ್ನೆ ಠಾಣೆಯ ಮೆಟ್ಟಿಲು ಹತ್ತುವುದು ಅಪರೂಪ.

ನಮ್ಮ ಜಿಲ್ಲೆಗೆ ನಿಷೇಧ ಹೊಸದಲ್ಲ. ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಅಂದಿನ ಅವಿಭಜಿತ ದಕ್ಷಿಣ ಕನ್ನಡದಲ್ಲಿ 1948ರ ಹೊತ್ತಿಗೆ ಪೂರ್ಣ ಪಾನನಿಷೇಧ ಬಂದಿತ್ತು. 1956ರಲ್ಲಿ ಮೈಸೂರು ರಾಜ್ಯ ಸೇರಿದ ಮೇಲೂ ಅದು ಉಳಿದು, ಅರುವತ್ತರ ದಶಕದ ಕೊನೆಯಲ್ಲಷ್ಟೇ ತೆರವಾಯಿತು. ಅಷ್ಟು ವರ್ಷವೂ ಗೇರುಹಣ್ಣಿನ ಕಾಲ ಬಂದರೆ ಕಾಡಂಚಿನ ಕಳ್ಳಭಟ್ಟಿಗಳಿಗೆ ಬಿಡುವಿರಲಿಲ್ಲ. 2016ರಿಂದ ನಿಷೇಧವಿರುವ ಬಿಹಾರದ ಕತೆಯೂ ಇದೇ. ಅಲ್ಲಿನ ಪೊಲೀಸರಿಗೆ, ಅಬಕಾರಿಯವರಿಗೆ ಈ ಕಾನೂನು ದುಡ್ಡಿನ ದಾರಿಯಾಗಿದೆ, ಜೈಲು ಸೇರುವವರು ಬಡವರು ಎಂದು ಪಟ್ನಾ ಹೈಕೋರ್ಟ್ 2024ರಲ್ಲಿ ಕಟುವಾಗಿಯೇ ಹೇಳಿತು.

2020ರ ಲಾಕ್‌ಡೌನಿನಲ್ಲೂ ಮೇ 4ರವರೆಗೆ ಮದ್ಯದ ಅಂಗಡಿಗಳು ಮುಚ್ಚಿದ್ದವು. ದಿನವೂ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ನಡುಕ, ಅಪಸ್ಮಾರ, ಭ್ರಮೆ ಬರಬಹುದು, ಜೀವವೂ ಹೋಗಬಹುದು. ಅಂಥವನಿಗೆ ಬೇಕಾದದ್ದು ವೈದ್ಯರು. ಕಾಳಸಂತೆಯವನಿಗೆ ಸಿಕ್ಕಿದ್ದು ಎಷ್ಟು ಬೆಲೆ ಹೇಳಿದರೂ ಕೊಡುವ ಗಿರಾಕಿ, ಆ ಬೆಲೆ ತೆತ್ತದ್ದು ಆ ಗಿರಾಕಿಯ ಮನೆಯವರು.

ಈ ಕಳ್ಳಮಾರಾಟವನ್ನು ತಡೆಯುವುದು ಅಸಾಧ್ಯವೇನಲ್ಲ. ರಾಜ್ಯದ ಅಂಗಡಿಗಳಿಗೆ ಮದ್ಯ ಬರುವುದು 2003ರಲ್ಲಿ ಸ್ಥಾಪನೆಯಾದ ಪಾನೀಯ ನಿಗಮದ ಡಿಪೋಗಳಿಂದ. ಪ್ರತಿ ಪೆಟ್ಟಿಗೆಗೂ ಲೆಕ್ಕವಿದೆ. ಬಾಗಿಲು ಮುಚ್ಚುವಾಗ ಒಮ್ಮೆ, ತೆರೆಯುವಾಗ ಒಮ್ಮೆ ಅಬಕಾರಿಯವರು ದಾಸ್ತಾನು ಎಣಿಸಲಿ. ಕಡಿಮೆ ಬಂದರೆ ಸನ್ನದು ಅಮಾನತಾಗಲಿ, ಆ ಸರಹದ್ದಿನ ಅಧಿಕಾರಿಯೂ ಉತ್ತರ ಕೊಡಲಿ. ಹಿಂದಿನ ದಿನವೇ ಪೆಟ್ಟಿಗೆಗಟ್ಟಲೆ ಮಾರಾಟವಾದದ್ದೆಲ್ಲಿಗೆ ಎಂಬುದನ್ನೂ ಕೇಳಲಿ.

ಓದುಗರಲ್ಲಿ ಒಂದು ಕೋರಿಕೆ. ಚುನಾವಣೆಯ ಹೊತ್ತಿನಲ್ಲಿ ಮದ್ಯ ಹಂಚುವುದು ಕಂಡರೆ ಆಯೋಗದ ಸಿ-ವಿಜಿಲ್ ಆ್ಯಪಿನಲ್ಲಿ ಚಿತ್ರ ಕಳಿಸಿ. ಹೆಸರು ಹೇಳದೆಯೂ ಅಲ್ಲಿ ದೂರು ಕೊಡಬಹುದು.